ಹಿರಿಯರು ರಾಷ್ಟ್ರಪತಿ ಚುನಾವಣೆಗೆ ನಿಲ್ಲಬೇಕೇ? ಒಂದು ಪಕ್ಷದೊಳಗಿನ ಜಗಳದ ಪ್ರಕರಣ ಅಧ್ಯಯನ

ಇದು ಒಂದು ಪ್ರಾದೇಶಿಕ ಪಕ್ಷದೊಳಗೆ ನಡೆದ ಜಗಳ. ಯಾವ ರಾಜ್ಯ, ಯಾವ ವರ್ಷ, ಯಾರ ಪಕ್ಷ ಅನ್ನುವುದನ್ನು ಹೇಳುವುದಿಲ್ಲ. ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿದ್ದೇನೆ, ಪಕ್ಷದ ಅಂಕಿಗಳನ್ನು ಅಂದಾಜಿನಲ್ಲಿ ಇಟ್ಟಿದ್ದೇನೆ. ಯಾರು ಯಾವಾಗ ಏನು ತೀರ್ಮಾನ ಮಾಡಿದರು ಅನ್ನುವುದು ಮಾತ್ರ ಹಾಗೇ ಇದೆ. ಎರಡೂ ಬಣದವರ ಮಾತು ಕೇಳಿ ಬರೆದದ್ದು. ಇಬ್ಬರೂ ತಾವೇ ಸರಿ ಅನ್ನುತ್ತಾರೆ, ಬಿಡಿ.

ಹಿನ್ನೆಲೆ

ಪಕ್ಷಕ್ಕೆ 40ರ ಆಸುಪಾಸು ಶಾಸಕರು, ಬೆರಳೆಣಿಕೆಯಷ್ಟು ಸಂಸದರು. ರಾಜ್ಯದಲ್ಲಿ ಅಧಿಕಾರ ಇರಲಿಲ್ಲ. ವಿಧಾನಸಭೆ ಚುನಾವಣೆಗೆ ಇನ್ನೂ ಒಂದೂವರೆ ವರ್ಷವಿತ್ತು. ಕೇಂದ್ರದ ಆಡಳಿತ ಮೈತ್ರಿಕೂಟದ ಜೊತೆ ದೋಸ್ತಿಯೂ ಇಲ್ಲ, ದ್ವೇಷವೂ ಇಲ್ಲ.

ಪಕ್ಷದ ಅಧ್ಯಕ್ಷರು ನಡುವಯಸ್ಸಿನವರು. ಸ್ಥಾಪಕರ ನಂತರ ಅವರ ಕೈಗೆ ಪಕ್ಷ ಬಂದು ಕೆಲವೇ ವರ್ಷವಾಗಿತ್ತು. ಇನ್ನೊಬ್ಬರನ್ನು ಇಲ್ಲಿ ‘ಹಿರಿಯರು’ ಅಂತಲೇ ಕರೆಯುತ್ತೇನೆ. 80ರ ಹತ್ತಿರದ ವಯಸ್ಸು. ಸ್ಥಾಪಕರ ಜೊತೆ ಪಕ್ಷ ಕಟ್ಟಿದವರು, ಒಮ್ಮೆ ಕೇಂದ್ರ ಮಂತ್ರಿಯಾಗಿದ್ದವರು. ಪಕ್ಷದ ಹೊರಗೂ ಅವರಿಗೆ ಮರ್ಯಾದೆ ಇತ್ತು. ಒಳಗೆ ಮರ್ಯಾದೆಯ ಜೊತೆಗೆ ಸ್ವಲ್ಪ ಭಯವೂ ಇತ್ತು. ಯಾಕೆಂದರೆ ಟಿಕೆಟ್ ಆಯ್ಕೆ ಸಮಿತಿಯ ಅಧ್ಯಕ್ಷರು ಅವರೇ. ಈ ಕೊನೆಯ ಸಾಲನ್ನು ನೆನಪಿಡಿ. ಜಗಳದ ಬೇರು ಅಲ್ಲಿದೆ.

ರಾಷ್ಟ್ರಪತಿ ಚುನಾವಣೆ ಬಂತು. ಆಡಳಿತ ಮೈತ್ರಿಕೂಟದ ಬಳಿ ಗೆಲುವಿಗೆ ಬೇಕಾದಷ್ಟು ಮತ ಹೆಚ್ಚುಕಡಿಮೆ ಇತ್ತು. ಆದರೂ ಅವಿರೋಧ ಆಯ್ಕೆಗೆ ಬಿಡಬಾರದು ಅಂತ ವಿರೋಧ ಪಕ್ಷಗಳು ಒಬ್ಬ ಅಭ್ಯರ್ಥಿಯನ್ನು ಹುಡುಕುತ್ತಿದ್ದವು. ಹೀಗೆ ಹುಡುಕುವಾಗ ಹೆಸರು ಕೇಳಿಬಂದವರೆಲ್ಲ ಒಪ್ಪುವುದಿಲ್ಲ. 2022ರಲ್ಲಿ ಶರದ್ ಪವಾರ್, ಫಾರೂಕ್ ಅಬ್ದುಲ್ಲಾ, ಗೋಪಾಲಕೃಷ್ಣ ಗಾಂಧಿ ಒಬ್ಬರಾದ ಮೇಲೆ ಒಬ್ಬರು ಬೇಡ ಅಂದ ಮೇಲೆ ಯಶವಂತ ಸಿನ್ಹಾ ನಿಂತರು. ನಮ್ಮ ಪ್ರಕರಣದಲ್ಲೂ ಅಂಥದೇ ಒಂದು ಪಟ್ಟಿ ಓಡಾಡುತ್ತಿತ್ತು. ಅದರಲ್ಲಿ ಹಿರಿಯರ ಹೆಸರಿತ್ತು.

ಸಮಸ್ಯೆ

ಹಿರಿಯರ ಹೆಸರು ಪತ್ರಿಕೆಗಳಲ್ಲಿ ಬರುವ ಹೊತ್ತಿಗೆ ಪಕ್ಷದ ಅಧ್ಯಕ್ಷರು ಆಡಳಿತ ಕೂಟದ ಅಭ್ಯರ್ಥಿಗೆ ಬೆಂಬಲ ಕೊಡುವುದಾಗಿ ಫೋನಿನಲ್ಲೇ ಮಾತು ಕೊಟ್ಟಾಗಿತ್ತು. ಕೋರ್ ಕಮಿಟಿ ಕರೆದಿರಲಿಲ್ಲ. ಹಿರಿಯರನ್ನೂ ಕೇಳಿರಲಿಲ್ಲ. ಅಧ್ಯಕ್ಷರ ಕಡೆಯವರ ವಾದ ಹೀಗೆ: ರಾಜ್ಯದ ನೀರಾವರಿ ಯೋಜನೆಯೊಂದು ದೆಹಲಿಯಲ್ಲಿ ಕೂತಿತ್ತು, ಮಾತು ಬೇಗ ಕೊಟ್ಟಷ್ಟೂ ಬೆಲೆ ಜಾಸ್ತಿ. ಅದರಲ್ಲಿ ಹುರುಳಿಲ್ಲ ಅಂತೇನಿಲ್ಲ. ಆದರೆ ತಮ್ಮದೇ ಪಕ್ಷದ ದೊಡ್ಡವರ ಹೆಸರು ಎದುರು ಪಾಳಯದ ಪಟ್ಟಿಯಲ್ಲಿ ಇದೆ ಅಂತ ಅವರಿಗೆ ಎರಡು ದಿನ ಮೊದಲೇ ಗೊತ್ತಿತ್ತು. ಒಂದು ಫೋನ್ ಮಾಡಬಹುದಿತ್ತು.

ಪಕ್ಷ ಎರಡಾಯಿತು. ‘ಸಾಹೇಬ್ರು ನಿಲ್ಲಲೇಬೇಕು’ ಅನ್ನುವವರು ಒಂದು ಕಡೆ. ನಮ್ಮ ರಾಜ್ಯದವರಿಗೆ ಇಂಥ ಗೌರವ ಯಾವಾಗ ಸಿಗುತ್ತದೆ, ಸೋತರೂ ಚರಿತ್ರೆಯಲ್ಲಿ ಹೆಸರಿರುತ್ತದೆ ಅನ್ನುವುದು ಅವರ ಮಾತು. ‘ಬೇಡವೇ ಬೇಡ’ ಅನ್ನುವವರು ಇನ್ನೊಂದು ಕಡೆ. ಸೋಲುವ ಚುನಾವಣೆಗೆ ಈ ವಯಸ್ಸಿನಲ್ಲಿ ಅವರನ್ನು ದೇಶವೆಲ್ಲ ಸುತ್ತಿಸುವುದು ಅವಮಾನ ಅನ್ನುವುದು ಇವರ ಮಾತು.

ಹೊರಗಿನಿಂದ ನೋಡಿದರೆ ಮೊದಲನೆಯವರು ಹಿರಿಯರ ಅಭಿಮಾನಿಗಳು, ಎರಡನೆಯವರು ಅಧ್ಯಕ್ಷರ ಬಂಟರು. ವರದಿಗಾರರೂ ಹಾಗೇ ಬರೆದರು. ಒಳಗಿನ ಲೆಕ್ಕ ಬಹುಪಾಲು ಉಲ್ಟಾ ಇತ್ತು. ‘ನಿಲ್ಲಲಿ’ ಅಂತ ಜೋರಾಗಿ ಕೂಗಿದವರಲ್ಲಿ ಹಲವರಿಗೆ ಮುಂದಿನ ಸಲ ಟಿಕೆಟ್ ಅನುಮಾನವಾಗಿತ್ತು. ರಾಷ್ಟ್ರಪತಿ ಹುದ್ದೆಗೆ ಸ್ಪರ್ಧಿಸಿದವರು ಆಮೇಲೆ ಬಂದು ಟಿಕೆಟ್ ಸಮಿತಿಯಲ್ಲಿ ಕೂತು ಒಂದೊಂದು ಕ್ಷೇತ್ರಕ್ಕೂ ವಾದ ಮಾಡುವುದು ಚೆನ್ನಾಗಿರುವುದಿಲ್ಲ, ತಾವಾಗಿಯೇ ಹಿಂದೆ ಸರಿಯುತ್ತಾರೆ ಅನ್ನುವುದು ಅವರ ಲೆಕ್ಕ. ‘ಬೇಡ’ ಅಂದವರಲ್ಲಿ ಕೆಲವರಿಗೆ ಹಿರಿಯರು ಅದೇ ಸಮಿತಿಯಲ್ಲಿ ಇರಲೇಬೇಕಿತ್ತು. ಅವರಿಲ್ಲದಿದ್ದರೆ ಅಧ್ಯಕ್ಷರ ಭಾವಮೈದುನನ ಕೈಗೆ ಪಟ್ಟಿ ಹೋಗುತ್ತದೆ ಅನ್ನುವ ಭಯ. ಹೀಗೆ ಅವರನ್ನು ಹೊಗಳುತ್ತಿದ್ದವರಿಗೆ ಅವರು ಹೋದರೆ ಸಾಕಾಗಿತ್ತು. ಅವರ ವಯಸ್ಸನ್ನು ಎತ್ತಿ ಆಡುತ್ತಿದ್ದವರಿಗೆ ಅವರೇ ಆಸರೆ. ಇದನ್ನು ಯಾರೂ ಸಭೆಯಲ್ಲಿ ಬಾಯಿಬಿಟ್ಟು ಹೇಳಲಿಲ್ಲ. ಅಧ್ಯಕ್ಷರು ಕೂಡ ಬಹಳ ದಿನ ಮೇಲಿನ ಜಗಳಕ್ಕಷ್ಟೇ ಮದ್ದು ಹುಡುಕಿದರು.

ಇಷ್ಟಕ್ಕೂ ಆ ಪಕ್ಷದ ಮತಕ್ಕೆ ಎಷ್ಟು ತೂಕ? ರಾಷ್ಟ್ರಪತಿಯನ್ನು ಆರಿಸುವುದು ಚುನಾಯಿತ ಸಂಸದರು ಮತ್ತು ಶಾಸಕರು. ಶಾಸಕರ ಮತದ ಮೌಲ್ಯ ರಾಜ್ಯದಿಂದ ರಾಜ್ಯಕ್ಕೆ ಬೇರೆ, ಅದನ್ನು ಇಂದಿಗೂ 1971ರ ಜನಗಣತಿಯ ಜನಸಂಖ್ಯೆಯ ಮೇಲೆ ಲೆಕ್ಕ ಹಾಕುತ್ತಾರೆ. ಕರ್ನಾಟಕದ ಒಬ್ಬ ಶಾಸಕರ ಮತ 131, ಉತ್ತರ ಪ್ರದೇಶದ್ದು 208, ಸಿಕ್ಕಿಂದು 7. ಕರ್ನಾಟಕದ ಲೆಕ್ಕದಲ್ಲಿ 40 ಶಾಸಕರು ಅಂದರೆ 5,240. ದೇಶದ ಒಟ್ಟು ಮೌಲ್ಯ 2022ರಲ್ಲಿ ಸುಮಾರು 10.86 ಲಕ್ಷ. ಅಂದರೆ ಅರ್ಧ ಪರ್ಸೆಂಟಿನ ಆಸುಪಾಸು. ಫಲಿತಾಂಶ ಬದಲಿಸುವ ತಾಕತ್ತು ಎರಡೂ ಬಣಕ್ಕೆ ಇರಲಿಲ್ಲ. ಹಾಗಿದ್ದೂ ಮೂರು ವಾರ ಪಕ್ಷದಲ್ಲಿ ಬೇರೆ ಕೆಲಸ ನಡೆಯಲಿಲ್ಲ.

ಏನೇನು ಮಾಡಿ ನೋಡಿದರು

ಮೊದಲ ಪ್ರಯತ್ನ, ಸುಮ್ಮನಿರುವುದು. ಹೆಸರು ತಾನಾಗಿ ತಣ್ಣಗಾಗುತ್ತದೆ ಅಂದುಕೊಂಡರು. ಆಗಲಿಲ್ಲ. ಹಿರಿಯರ ಊರಿನಲ್ಲಿ ಅಭಿಮಾನಿಗಳು ಬ್ಯಾನರ್ ಕಟ್ಟಿದರು.

ಎರಡನೆಯದು ನಿಯೋಗ. ಇಬ್ಬರು ಉಪಾಧ್ಯಕ್ಷರು ಹಿರಿಯರ ಮನೆಗೆ ಹೋದರು. ಒಂದು ಗಂಟೆ ಕೂತರು. ಆರೋಗ್ಯ ವಿಚಾರಿಸಿದರು, ಪಕ್ಷ ಕಟ್ಟಿದ ಹಳೆಯ ದಿನಗಳ ಮಾತಾಡಿದರು. ಹೊರಡುವಾಗ, ‘ನೀವು ಪಕ್ಷಕ್ಕೆ ತೊಂದರೆಯಾಗುವಂಥದ್ದು ಮಾಡಲ್ಲ ಅಂತ ಅಧ್ಯಕ್ಷರಿಗೆ ನಂಬಿಕೆ ಇದೆ ಸಾರ್’ ಅಂದರು. ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಅತ್ಯಂತ ಕೆಟ್ಟ ಮಾತು ಇದೇ. ನಿಲ್ಲುವ ಮನಸ್ಸಿದೆಯೇ ಅಂತ ಅವರನ್ನು ಕೇಳಲೇ ಇಲ್ಲ. ನಿಲ್ಲುವುದಿಲ್ಲ ಅಂತ ಅವರ ಪರವಾಗಿ ತೀರ್ಮಾನಿಸಿ, ಅದನ್ನು ನಂಬಿಕೆ ಅಂತ ಕರೆದರು. ‘ನೋಡೋಣ’ ಅಂದರಂತೆ ಹಿರಿಯರು. ಆ ಒಂದು ಪದವನ್ನು ಎರಡೂ ಬಣ ತಮಗೆ ಬೇಕಾದ ಹಾಗೆ ಹೊತ್ತುಕೊಂಡು ಹೋದವು.

ಮೂರನೆಯದು ಶಾಸಕಾಂಗ ಪಕ್ಷದ ಸಭೆ. ಇಲ್ಲಿ ಮಾತು ಕಾವೇರಿತು. ಒಬ್ಬ ಹಳೆಯ ಶಾಸಕರು 1969ನ್ನು ಎತ್ತಿದರು. ಆ ವರ್ಷ ರಾಷ್ಟ್ರಪತಿ ಜಾಕಿರ್ ಹುಸೇನ್ ತೀರಿಕೊಂಡ ಮೇಲೆ ಯಾರು ನಿಲ್ಲಬೇಕು ಅನ್ನುವುದರ ಮೇಲೆಯೇ ಕಾಂಗ್ರೆಸ್ ಬಿರುಕು ಬಿಟ್ಟಿತು. ಜುಲೈನಲ್ಲಿ ಬೆಂಗಳೂರಿನಲ್ಲಿ ಎಐಸಿಸಿ, ಅಂದರೆ ಅಖಿಲ ಭಾರತ ಕಾಂಗ್ರೆಸ್ ಸಮಿತಿ, ಸೇರಿತ್ತು. ಪಕ್ಷದ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪ. ಸಂಸದೀಯ ಮಂಡಳಿ ನೀಲಂ ಸಂಜೀವ ರೆಡ್ಡಿಯವರನ್ನು ಆರಿಸಿತು. ರೆಡ್ಡಿಯವರ ನಾಮಪತ್ರಕ್ಕೆ ಇಂದಿರಾ ಗಾಂಧಿಯೇ ಸಹಿ ಹಾಕಿದ್ದರು. ಆಮೇಲೆ ಇಂದಿರಾ ಕಡೆಯಿಂದಲೇ ಆತ್ಮಸಾಕ್ಷಿಯ ಮತ ಅನ್ನುವ ಕೂಗು ಎದ್ದು, ಸ್ವತಂತ್ರವಾಗಿ ನಿಂತಿದ್ದ ವಿ.ವಿ. ಗಿರಿ ಎರಡನೇ ಪ್ರಾಶಸ್ತ್ಯದ ಮತ ಎಣಿಸಿದ ಮೇಲೆ ಗೆದ್ದರು. ನವೆಂಬರ್‌ನಲ್ಲಿ ಇಂದಿರಾ ಅವರನ್ನೇ ಪಕ್ಷದಿಂದ ಹೊರಹಾಕಿದರು, ಕಾಂಗ್ರೆಸ್ ಎರಡಾಯಿತು. ‘ನಾವೂ ಅದೇ ದಾರಿ ಹಿಡಿದಿದ್ದೀವಿ’ ಅಂತ ಆ ಶಾಸಕರು ಎಚ್ಚರಿಸಿದರು. ಎದುರು ಬಣದವರು ಅದೇ ಕತೆಯ ಇನ್ನೊಂದು ತುದಿ ಹಿಡಿದರು. ಸೋತ ಸಂಜೀವ ರೆಡ್ಡಿ 1977ರಲ್ಲಿ ಅವಿರೋಧವಾಗಿ ರಾಷ್ಟ್ರಪತಿಯಾಗಲಿಲ್ಲವೇ? ಇವತ್ತು ಸೋತರೆ ನಾಳೆ ಇಲ್ಲ ಅಂತ ಯಾರು ಹೇಳಿದರು? 80ರ ಹತ್ತಿರದವರ ಬಗ್ಗೆ ‘ನಾಳೆ’ಯ ಮಾತಾಡಿದ್ದಕ್ಕೆ ಕೆಲವರು ನಕ್ಕರು. ನಕ್ಕವರ ಹೆಸರು ಸಂಜೆಯೊಳಗೆ ಹಿರಿಯರ ಮನೆ ತಲುಪಿತು.

ಸಭೆ ಮುಗಿದಾಗ ಆದ ನಿರ್ಣಯ ಒಂದೇ, ‘ತೀರ್ಮಾನದ ಅಧಿಕಾರ ಅಧ್ಯಕ್ಷರಿಗೆ’. ಅಧ್ಯಕ್ಷರ ತೀರ್ಮಾನ ಮೊದಲೇ ಆಗಿತ್ತಲ್ಲ. ಹಾಗಾಗಿ ಈ ನಿರ್ಣಯದಿಂದ ಏನೂ ಬದಲಾಗಲಿಲ್ಲ.

ವಿಪ್ (ಹೀಗೇ ಮತ ಹಾಕಬೇಕು ಅನ್ನುವ ಪಕ್ಷದ ಆದೇಶ) ಕೊಟ್ಟು ಎಲ್ಲರ ಬಾಯಿ ಮುಚ್ಚಿಸಬಾರದಿತ್ತೇ ಅಂತ ಓದುಗರು ಕೇಳಬಹುದು. ಆಗುವುದಿಲ್ಲ. ರಾಷ್ಟ್ರಪತಿ ಚುನಾವಣೆಯಲ್ಲಿ ಪಕ್ಷಗಳು ವಿಪ್ ಕೊಡುವಂತಿಲ್ಲ. ಅಡ್ಡ ಮತ, ಅಂದರೆ ಪಕ್ಷ ಹೇಳಿದವರನ್ನು ಬಿಟ್ಟು ಬೇರೆಯವರಿಗೆ ಮತ, ಹಾಕಿದ ಮಾತ್ರಕ್ಕೆ ಪಕ್ಷಾಂತರ ನಿಷೇಧ ಕಾಯ್ದೆಯಲ್ಲಿ ಶಾಸಕತ್ವ ಹೋಗುವುದಿಲ್ಲ. ರಾಜ್ಯಸಭೆ ಚುನಾವಣೆಯಲ್ಲಿ ಶಾಸಕರು ತಮ್ಮ ಮತಪತ್ರವನ್ನು ಪಕ್ಷದ ಏಜೆಂಟರಿಗೆ ತೋರಿಸಿ ಹಾಕಬೇಕು. ಇಲ್ಲಿ ಅದೂ ಇಲ್ಲ, ಪೂರ್ತಿ ಗುಪ್ತ ಮತದಾನ. ಒಪ್ಪಿಸಿ ಕರೆದುಕೊಂಡು ಹೋಗುವುದು ಬಿಟ್ಟರೆ ಅಧ್ಯಕ್ಷರ ಕೈಯಲ್ಲಿ ಬೇರೆ ಅಸ್ತ್ರ ಇರಲಿಲ್ಲ. ಅಸ್ತ್ರ ಇಲ್ಲದ ಕಡೆ ಅವರು ಅಪ್ಪಣೆ ಹೊರಡಿಸಿದರು.

ಎರಡು ಕಾಗದಗಳು

ಪ್ರಕರಣ ಕೈಮೀರಿದ್ದು ಎರಡು ಕಾಗದಗಳಿಂದ.

ಒಂದು, ಮತದಾರರ ಪಟ್ಟಿಯ ಪ್ರತಿ. ರಾಷ್ಟ್ರಪತಿ ಚುನಾವಣೆಗೆ ನಾಮಪತ್ರ ಹಾಕುವವರು ತಮ್ಮ ಹೆಸರು ಇರುವ ಲೋಕಸಭಾ ಕ್ಷೇತ್ರದ ಮತದಾರರ ಪಟ್ಟಿಯ ದೃಢೀಕೃತ ಪ್ರತಿ ಲಗತ್ತಿಸಬೇಕು. ಹಿರಿಯರ ಮಗ ತಂದೆಗೂ ಹೇಳದೆ ಅದನ್ನು ಕಚೇರಿಯಿಂದ ತಂದಿಟ್ಟುಕೊಂಡ. ಕೇಳಿದಾಗ ‘ಇರಲಿ ಅಂತ’ ಅಂದ. ಅಲ್ಲಿನ ಗುಮಾಸ್ತರೊಬ್ಬರು ಯಾರಿಗೋ ಹೇಳಿದರು. ಸಂಜೆ ಟಿವಿಯಲ್ಲಿ ‘ಹಿರಿಯ ನಾಯಕರ ಸ್ಪರ್ಧೆ ಖಚಿತ’ ಅಂತ ಬಂತು. ಅಧ್ಯಕ್ಷರು ನಂಬಿಬಿಟ್ಟರು. ತಮ್ಮ ಬೆನ್ನ ಹಿಂದೆ ಎಲ್ಲ ಮುಗಿದಿದೆ ಅಂತ ಅವರಿಗೆ ಅನ್ನಿಸಿತು. ಹಿರಿಯರು ಟಿವಿ ನೋಡಿ ಮಗನಿಗೆ ಬೈದರು. ಆದರೆ ಹೊರಗೆ ಬಂದು ಇಲ್ಲ ಅನ್ನಲಿಲ್ಲ. ಯಾಕೆ ಅನ್ನಲಿಲ್ಲ ಅನ್ನುವುದು ಆಮೇಲೆ ಗೊತ್ತಾಯಿತು.

ಎರಡನೆಯದು ಸಹಿ ಹಾಳೆ. ನಾಮಪತ್ರಕ್ಕೆ ಕನಿಷ್ಠ 50 ಸೂಚಕರು, 50 ಅನುಮೋದಕರು ಬೇಕು. ಎಲ್ಲರೂ ಮತದಾರರೇ ಆಗಿರಬೇಕು, ಅಂದರೆ ಚುನಾಯಿತ ಸಂಸದರು ಅಥವಾ ಶಾಸಕರು. ವಿರೋಧ ಪಕ್ಷಗಳ ಬಳಿ ಈ 100 ಸಹಿಗೆ ಸ್ವಂತ ಸಂಸದರೇ ಸಾಕಾಗಿತ್ತು. ಆದರೂ ಸ್ವಂತ ಪಕ್ಷದವರೇ ಸೂಚಕರಾಗದಿದ್ದರೆ ಮಾನ ಏನು ಉಳಿಯಿತು ಅಂತ ‘ನಿಲ್ಲಲಿ’ ಬಣದವರು ಒಂದು ಹಾಳೆ ತಿರುಗಿಸಿದರು. ಹತ್ತರ ಆಸುಪಾಸು ಶಾಸಕರು ಸಹಿ ಹಾಕಿದರು. ಒಬ್ಬ ಪುಣ್ಯಾತ್ಮ ಅದರ ಫೋಟೋ ತೆಗೆದು ವಾಟ್ಸಾಪ್‌ಗೆ ಬಿಟ್ಟ.

ಅಧ್ಯಕ್ಷರ ಕಾನೂನು ಸಲಹೆಗಾರರು ನಿಯಮ ತೆರೆದರು. ಒಬ್ಬ ಮತದಾರ ಒಂದೇ ನಾಮಪತ್ರಕ್ಕೆ ಸಹಿ ಹಾಕಬಹುದು. ಎರಡಕ್ಕೆ ಹಾಕಿದರೆ ಮೊದಲು ಸಲ್ಲಿಕೆಯಾದ ಪತ್ರದ ಸಹಿ ಮಾತ್ರ ಊರ್ಜಿತ. ಅಧ್ಯಕ್ಷರಿಗೆ ಒಂದು ಉಪಾಯ ಹೊಳೆಯಿತು. ಆಡಳಿತ ಕೂಟದ ಅಭ್ಯರ್ಥಿಯ ಪತ್ರಕ್ಕೆ ಎಲ್ಲ ಶಾಸಕರ ಸಹಿ ಹಾಕಿಸಿ ಮೊದಲು ಸಲ್ಲಿಸಿಬಿಟ್ಟರೆ ಆ ಹಾಳೆಯ ಸಹಿಗಳು ರದ್ದಿ. ಎಲ್ಲರನ್ನೂ ಕಚೇರಿಗೆ ಕರೆಸಿ, ಬಾಗಿಲು ಹಾಕಿ, ಸಹಿ ಹಾಕಿಸಿದರು. ಮೊದಲ ಹಾಳೆಗೆ ಸಹಿ ಹಾಕಿದ್ದವರೂ ತಲೆ ತಗ್ಗಿಸಿ ಹಾಕಿದರು.

ಕಾನೂನಿನ ಲೆಕ್ಕದಲ್ಲಿ ಇದು ಜಾಣತನ. ಆದರೆ ಬೇಕಿರಲೇ ಇಲ್ಲ. ಆ ಹತ್ತು ಸಹಿ ರದ್ದಾದರೂ ಹಿರಿಯರ ನಾಮಪತ್ರಕ್ಕೆ ತಡೆಯಾಗುತ್ತಿರಲಿಲ್ಲ, ಸಂಸದರ ಸಹಿಗಳಿದ್ದವಲ್ಲ. ಕೈಗೆ ಬಂದ ಫಲ ಇಷ್ಟೇ: ಹತ್ತು ಜನ ಶಾಸಕರು ಎರಡೂ ಕಡೆ ಸಹಿ ಹಾಕಿದವರು ಅಂತ ಗುರುತಾಗಿ ಹೋದರು. ಅವಮಾನ ಮಾಡಿಸಿಕೊಂಡವರಿಗೆ ಮುಂದೆ ಒಂದು ಗುಪ್ತ ಮತಪತ್ರ ಸಿಗಲಿದೆ ಅನ್ನುವುದನ್ನು ಯಾರೂ ಯೋಚಿಸಲಿಲ್ಲ.

ತಿರುವು

ಅಧಿಸೂಚನೆ ಹೊರಬಿದ್ದ 14ನೇ ದಿನ ನಾಮಪತ್ರಕ್ಕೆ ಕೊನೆ. ಆ ದಿನ ಹತ್ತಿರ ಬಂತು. ವಿರೋಧ ಪಕ್ಷಗಳಿಗೂ ಉತ್ತರ ಬೇಕಿತ್ತು. ಆಗ ರಾಜಕೀಯ ಬಿಟ್ಟು ವರ್ಷಗಳಾಗಿದ್ದ ಹಿರಿಯರ ಹಳೆಯ ಗೆಳೆಯರೊಬ್ಬರು, ಯಾರೂ ಕಳಿಸದೆ, ತಾವಾಗಿಯೇ ಅವರ ಮನೆಗೆ ಹೋದರು. ಅವರಿಗೆ ಟಿಕೆಟ್ ಬೇಕಿರಲಿಲ್ಲ, ಹುದ್ದೆಯೂ ಬೇಕಿರಲಿಲ್ಲ. ಅವರೇ ಹೇಳಿದ ಪ್ರಕಾರ ಮಾತು ನಡೆದದ್ದು ಹೀಗೆ:

‘ಏನಪ್ಪಾ, ನಿಂತ್ಕೋತೀಯಾ?’

‘ಹುಚ್ಚೇನೋ ನಿಂಗೆ? ಈ ಮಂಡಿ ಇಟ್ಕೊಂಡು ಎಷ್ಟು ರಾಜ್ಯ ಸುತ್ತಲಿ?’

‘ಮತ್ತೆ ಇಲ್ಲ ಅಂತ ಹೇಳೋದಲ್ವಾ?’

‘ನಾನು ಇಲ್ಲ ಅನ್ನೋಕೆ ಮುಂಚೆನೇ ಅವನು ಇಲ್ಲ ಅಂದುಬಿಟ್ಟಿದಾನಲ್ಲ. ಈಗ ನಾನು ಹೇಳಿದ್ರೆ ಅವನ ಅಪ್ಪಣೆಗೆ ಬಗ್ಗಿದ ಹಾಗೆ ಆಗಲ್ವಾ?’

ಗುಟ್ಟು ಇಷ್ಟೇ ಇತ್ತು. ಅವರಿಗೆ ನಿಲ್ಲುವ ಆಸೆ ಇರಲಿಲ್ಲ. ಬೇಡ ಅನ್ನುವ ಹಕ್ಕು ತಮ್ಮ ಕೈಯಲ್ಲಿ ಇರಬೇಕು ಅನ್ನುವ ಹಟವಿತ್ತು. ರಾಷ್ಟ್ರಪತಿ ಹುದ್ದೆಗೆ ನಿಮ್ಮನ್ನು ಕೇಳುತ್ತಿದ್ದೇವೆ ಅಂದಾಗ ಅದನ್ನು ನಿರಾಕರಿಸುವುದೂ ಒಂದು ದೊಡ್ಡಸ್ತಿಕೆ. 2012ರಲ್ಲಿ ಅಬ್ದುಲ್ ಕಲಾಂ ಅವರ ಹೆಸರು ಮತ್ತೆ ಬಂದಾಗ ಅವರು ನಿಲ್ಲುವುದಿಲ್ಲ ಅಂತ ತಾವೇ ಹೇಳಿದರು, ಗೌರವ ಕಡಿಮೆಯಾಗಲಿಲ್ಲ. ಅದೇ ವರ್ಷ ಪಿ.ಎ. ಸಂಗ್ಮಾ ಬೇರೆ ದಾರಿ ಹಿಡಿದರು. ಅವರಿದ್ದ ಎನ್‌ಸಿಪಿ ಪ್ರಣಬ್ ಮುಖರ್ಜಿಯವರ ಕಡೆ ಇತ್ತು. ಪಕ್ಷ ಬೇಡ ಅಂದರೂ ಸಂಗ್ಮಾ ಹಿಂದೆ ಸರಿಯಲಿಲ್ಲ. ಜೂನ್‌ನಲ್ಲಿ ತಾವೇ ಕಟ್ಟಿದವರಲ್ಲಿ ಒಬ್ಬರಾಗಿದ್ದ ಪಕ್ಷ ಬಿಟ್ಟು ನಿಂತರು, ಸೋತರು, ಮರುವರ್ಷ ಸ್ವಂತ ಪಕ್ಷ ಮಾಡಿದರು. ಅವರಿಗೆ ನಿಜವಾಗಿ ನಿಲ್ಲಬೇಕಿತ್ತು, ಹಾಗಾಗಿ ಅಲ್ಲಿ ರಾಜಿಗೆ ಜಾಗ ಇರಲಿಲ್ಲ. ನಮ್ಮ ಹಿರಿಯರದು ಆ ಜಾತಿಯ ಪ್ರಕರಣವೇ ಅಲ್ಲ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಬೇರ್ಪಡಿಸಲು ಒಂದು ನೇರ ಪ್ರಶ್ನೆ ಸಾಕಿತ್ತು.

ಗೆಳೆಯರು ಅಧ್ಯಕ್ಷರ ಬಳಿ ಹೋಗಿ ಮೂರು ವಿಷಯ ಹೇಳಿದರು. ನೀವೇ ಅವರ ಮನೆಗೆ ಹೋಗಿ, ನಿಯೋಗ ಕಳಿಸಬೇಡಿ. ಮೊದಲೇ ಕೇಳದೆ ಮಾತು ಕೊಟ್ಟದ್ದು ತಪ್ಪಾಯಿತು ಅಂತ ಅನ್ನಿ. ನಿರಾಕರಣೆಯ ಪತ್ರ ಅವರು ಬರೆಯಲಿ, ಅದು ಹೊರಬರುವ ತನಕ ಪಕ್ಷದಿಂದ ಯಾರೂ ಬಾಯಿ ಬಿಡಬಾರದು. ಅಧ್ಯಕ್ಷರಿಗೆ ಎರಡನೆಯದು ಕಷ್ಟವಾಯಿತು. ‘ಬೇಜಾರು ಮಾಡ್ಕೋಬೇಡಿ ಸಾರ್’ ಅನ್ನುವ ಮಟ್ಟಕ್ಕೆ ಬಂದರು. ಹಿರಿಯರು ಅಷ್ಟನ್ನೇ ಸಾಕು ಮಾಡಿಕೊಂಡರು. ಮಾರನೆಯ ದಿನ ಅವರ ಮೂರು ಸಾಲಿನ ಪತ್ರ ಬಂತು. ಕೇಳಿದ್ದಕ್ಕೆ ವಿರೋಧ ಪಕ್ಷಗಳಿಗೆ ವಂದನೆ, ವಯಸ್ಸಿನ ಕಾರಣಕ್ಕೆ ಆಗುವುದಿಲ್ಲ, ಪಕ್ಷದ ಜೊತೆ ಇದ್ದೇನೆ. ಪತ್ರಿಕೆಗಳು ಹೊಗಳಿದವು. ಟಿಕೆಟ್ ಸಮಿತಿಯ ವಿಷಯವನ್ನು ಆ ಭೇಟಿಯಲ್ಲಿ ಇಬ್ಬರೂ ಎತ್ತಲಿಲ್ಲ.

ಆಮೇಲೆ ಆದದ್ದು

ಇಲ್ಲಿಗೆ ಮುಗಿದಿದ್ದರೆ ಇದನ್ನು ಬರೆಯುವ ಅಗತ್ಯ ಇರಲಿಲ್ಲ. ದೊಡ್ಡ ನಷ್ಟ ಆದದ್ದು ಫಲಿತಾಂಶದ ನಂತರ.

ರಾಷ್ಟ್ರಪತಿ ಚುನಾವಣೆಯಲ್ಲಿ ಯಾರ ಮತ ಯಾರಿಗೆ ಅಂತ ಗೊತ್ತಾಗುವುದಿಲ್ಲ, ಆದರೆ ಯಾವ ರಾಜ್ಯದಿಂದ ಯಾರಿಗೆ ಎಷ್ಟು ಮತ ಬಂತು ಅನ್ನುವುದು ಹೊರಗೆ ಬರುತ್ತದೆ. ಅಧ್ಯಕ್ಷರ ಆಪ್ತರು ಕೂಡಿ ಕಳೆದು ನೋಡಿದರು. ತಮ್ಮ ರಾಜ್ಯದಲ್ಲಿ ಗೆದ್ದ ಅಭ್ಯರ್ಥಿಗೆ ಬರಬೇಕಾದಷ್ಟರಲ್ಲಿ ನಾಲ್ಕು ಮತ ಕಡಿಮೆ ಇತ್ತು. ಎರಡು ಮತ ತಿರಸ್ಕೃತವಾಗಿದ್ದವು. ಈ ಕೊರತೆ ಆಡಳಿತ ಕೂಟದ ಸ್ವಂತ ಶಾಸಕರದ್ದಿರಬಹುದು, ಪಕ್ಷೇತರರದ್ದಿರಬಹುದು. ಇಂಥದ್ದು ಹೊಸದೂ ಅಲ್ಲ. 2022ರಲ್ಲಿ ಹಲವು ರಾಜ್ಯಗಳಲ್ಲಿ ವಿರೋಧ ಪಕ್ಷಗಳ ಶಾಸಕರೇ ದ್ರೌಪದಿ ಮುರ್ಮು ಅವರಿಗೆ ಅಡ್ಡ ಮತ ಹಾಕಿದರು. ಆದರೆ ಅಧ್ಯಕ್ಷರ ಕೈಯಲ್ಲಿ ಆ ವಾಟ್ಸಾಪ್ ಫೋಟೋ ಇತ್ತು. ಹೆಸರುಗಳು ಅಲ್ಲೇ ಸಿಕ್ಕವು. ಹತ್ತರಲ್ಲಿ ಮೂವರನ್ನು, ಮೊದಲಿನಿಂದ ಆಗದವರನ್ನು, ಕಳ್ಳರು ಅಂತ ಗುರುತಿಸಿದರು. ಶೋಕಾಸ್ ನೋಟಿಸ್ ಕೊಟ್ಟರು. ನೋಟಿಸಿನಲ್ಲಿ ಕಾರಣ ಬರೆಯಲು ಆಗಲಿಲ್ಲ. ಗುಪ್ತ ಮತದಾನವಾದ್ದರಿಂದ ಪುರಾವೆ ಅಂತ ಒಂದೂ ಇಲ್ಲ. ‘ಪಕ್ಷ ವಿರೋಧಿ ಚಟುವಟಿಕೆ’ ಅಂತಷ್ಟೇ ಬರೆದರು.

ನನಗೆ ಈ ಹಂತವೇ ಕಲಿಯುವವರಿಗೆ ಮುಖ್ಯ ಅನ್ನಿಸುತ್ತದೆ. ಅಭ್ಯರ್ಥಿಯ ಜಗಳ ಮೂರು ವಾರದ್ದು, ಒಂದು ಭೇಟಿಯಲ್ಲಿ ತೀರಿತು. ಅನುಮಾನದ ಜಗಳ ಒಂದೂವರೆ ವರ್ಷ ನಡೆಯಿತು. ಸಹಿ ಹಾಳೆ ಹರಿದುಹಾಕಿ ‘ಮುಗೀತು ಬಿಡಿ’ ಅಂದಿದ್ದರೆ ಆ ಹತ್ತೂ ಜನ ವಾಪಸ್ ಸಾಲಿಗೆ ಬರುತ್ತಿದ್ದರು ಅನ್ನುವುದು ನನ್ನ ಅಂದಾಜು. ಅವರಲ್ಲಿ ಹೆಚ್ಚಿನವರಿಗೆ ರಾಷ್ಟ್ರಪತಿ ಯಾರಾದರೂ ಚಿಂತೆ ಇರಲಿಲ್ಲ, ತಮ್ಮ ಟಿಕೆಟ್ಟಿನ ಚಿಂತೆಯಷ್ಟೇ. ಬಾಗಿಲು ಹಾಕಿ ಸಹಿ ಹಾಕಿಸಿದ ದಿನ ಆ ಚಿಂತೆಯನ್ನು ಪಕ್ಷ ದುಪ್ಪಟ್ಟು ಮಾಡಿತು. ಒಂದು ಮತ ಕಳೆದುಕೊಂಡರೆ ಏನೂ ಆಗದ ಚುನಾವಣೆಯಲ್ಲಿ ಒಂದೊಂದು ಮತವನ್ನೂ ನಿಷ್ಠೆಯ ಪರೀಕ್ಷೆ ಮಾಡಿಕೊಂಡದ್ದು ಯಾಕೆ ಅಂತ ಕೇಳಿದರೆ ಅಧ್ಯಕ್ಷರ ಆಪ್ತರ ಬಳಿಯೂ ಸರಿಯಾದ ಉತ್ತರ ಇಲ್ಲ. ‘ದೆಹಲಿಗೆ ಮಾತು ಕೊಟ್ಟಿದ್ವಲ್ಲ’ ಅನ್ನುತ್ತಾರೆ. ನೀರಾವರಿ ಯೋಜನೆ ಇನ್ನೂ ದೆಹಲಿಯಲ್ಲೇ ಕೂತಿದೆ.

ವಿಧಾನಸಭೆ ಚುನಾವಣೆ ಬಂದಾಗ ಆ ಮೂವರ ಕಡತ ಟಿಕೆಟ್ ಸಮಿತಿಯ ಮುಂದೆ ಬಂತು. ಸಮಿತಿಯ ಅಧ್ಯಕ್ಷರು ಹಿರಿಯರೇ. ಮೂವರೂ ‘ಸಾಹೇಬ್ರು ನಿಲ್ಲಲೇಬೇಕು’ ಅಂತ ಕೂಗಿದವರು, ಅಂದರೆ ಅವರನ್ನು ಆ ಕುರ್ಚಿಯಿಂದ ಎಬ್ಬಿಸಲು ನೋಡಿದವರು. ಅದು ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅಡ್ಡ ಮತದ ಕಾರಣ ಕೊಟ್ಟು ಟಿಕೆಟ್ ತಪ್ಪಿಸುವ ಪಟ್ಟಿಗೆ ಸಹಿ ಹಾಕುವುದಿಲ್ಲ ಅಂದರು. ಸೋಲುತ್ತಾರೆ ಅಂತ ಸಮೀಕ್ಷೆ ತೋರಿಸಿ, ಆಗ ಹಾಕುತ್ತೇನೆ ಅಂದರು. ಅಧ್ಯಕ್ಷರು ಅವರ ಸಹಿ ಇಲ್ಲದೆಯೇ ಪಟ್ಟಿ ಬಿಡುಗಡೆ ಮಾಡಿದರು. ಮೂವರಲ್ಲಿ ಇಬ್ಬರು ಪಕ್ಷೇತರರಾಗಿ ನಿಂತರು. ಒಬ್ಬರು ಗೆದ್ದರು. ಇನ್ನೊಬ್ಬರು ತಾವೂ ಸೋತು ಪಕ್ಷದ ಅಭ್ಯರ್ಥಿಯನ್ನೂ ಸೋಲಿಸಿದರು. ಹಿರಿಯರು ಸಮಿತಿಗೆ ರಾಜೀನಾಮೆ ಕೊಟ್ಟರು. ಈ ಸಲ ಅಧ್ಯಕ್ಷರು ಅದೇ ದಿನ ಅವರ ಮನೆಗೆ ಹೋದರು, ಆದರೆ ಅವರು ಸಿಗಲಿಲ್ಲ.